ಉಪ್ಪು ನೋಡದ ಅಡುಗೆ

ಒಲೆಯ ಮೇಲೆ ಮಟನ್ ಕುದಿಯುತ್ತಿರುವಾಗ ಸೌಟಿನಿಂದ ಅಂಗೈಗೆ ಎರಡು ಹನಿ ರಸ ಬಿಟ್ಟುಕೊಂಡು ಉಪ್ಪು, ಖಾರ ನೋಡುವುದು ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಯೋಚಿಸದೆಯೇ ಬರುವ ಅಭ್ಯಾಸ. ನಾನು ಮಾಂಸ ಬಿಟ್ಟ ಮೊದಲ ಭಾನುವಾರ ನನ್ನ ಕೈ ಹಾಗೆಯೇ ಮುಂದೆ ಬಂತು, ರಸ ಅಂಗೈಗೆ ಬಿತ್ತು, ತುಟಿಯ ಹತ್ತಿರ ಬಂದ ಮೇಲೆ ನೆನಪಾಗಿ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದೆ. ತಿನ್ನುವುದನ್ನು ಬಿಟ್ಟಿದ್ದೆನೇ ಹೊರತು ಮಾಡುವುದನ್ನು ಬಿಟ್ಟಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಎತ್ತುವಂತೆಯೂ ಆಗ ಇರಲಿಲ್ಲ. “ಅತ್ತೀ, ಒಂದೀಟು ಉಪ್ಪು ನೋಡ್ರಿ” ಎಂದು ಅತ್ತೆಯವರನ್ನು ಕರೆದೆ. ಅವರಿಗೆ ರಕ್ತದೊತ್ತಡ ಇರುವುದರಿಂದ ನಾಲಿಗೆ ಕಡಿಮೆ ಉಪ್ಪಿಗೆ ಹೊಂದಿಕೊಂಡಿದೆ. ಅವರು “ಸಾಕವಾ, ಸರಿ ಐತಿ” ಎಂದ ಸಾರು ಮಧ್ಯಾಹ್ನ ಉಳಿದವರಿಗೆಲ್ಲ ಸಪ್ಪೆಯಾಯಿತು. ಯಾರೂ ಏನೂ ಅನ್ನಲಿಲ್ಲ. ಉಪ್ಪಿನ ಬಟ್ಟಲನ್ನು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ಉಂಡು ಎದ್ದರು. ನನ್ನ ನಿರ್ಧಾರ ನನ್ನ ತಟ್ಟೆಯಲ್ಲೇ ಉಳಿಯುತ್ತದೆ ಎಂದುಕೊಂಡಿದ್ದ ನನಗೆ ಆ ಬಟ್ಟಲು ಸುತ್ತು ಬರುವುದನ್ನು ನೋಡುತ್ತ ಕುಳಿತಿರುವುದು ಕಷ್ಟವಾಯಿತು.

ನಾನು ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿರುವ ಸರ್ಕಾರಿ ಶಾಲೆಯ ಶಿಕ್ಷಕಿ. ತವರು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿ. ಎರಡೂ ಕಡೆಯವರು ಮಾಂಸ ಉಣ್ಣುವ ಮಂದಿ, ಅದನ್ನು ಅಚ್ಚುಕಟ್ಟಾಗಿ, ಪ್ರೀತಿಯಿಂದ ಮಾಡಿ ಬಡಿಸುವ ಮಂದಿ. ನಾನು ಮಾಂಸ, ಮೀನು, ತತ್ತಿ ಬಿಟ್ಟು ನಾಲ್ಕು ವರ್ಷವಾಯಿತು. ಹಾಲು, ಮೊಸರು, ತುಪ್ಪ ಬಿಟ್ಟದ್ದು ಅದಾದ ಆರು ತಿಂಗಳಿಗೆ. ಈ ವಿಷಯವಾಗಿ ನಾನು ಓದಿದ ಬರಹಗಳಲ್ಲಿ ಹೆಚ್ಚಿನವು ದೊಡ್ಡ ನಗರಗಳಲ್ಲಿ ಕುಳಿತು, ಬಾದಾಮಿ ಹಾಲು ಸಿಗುವ ಅಂಗಡಿಯನ್ನು ಎದುರಿಗಿಟ್ಟುಕೊಂಡು ಬರೆದವು. ಜೋಳದ ರೊಟ್ಟಿ ಉಣ್ಣುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಬಂಧುಗಳ ಪ್ರೀತಿಯೆಲ್ಲ ಊಟದ ಮೂಲಕವೇ ಹರಿದು ಬರುವ ನಮ್ಮ ಸೀಮೆಯಲ್ಲಿ ಇದು ಹೇಗಿರುತ್ತದೆ ಎಂದು ಬರೆದಿಡಬೇಕೆನಿಸಿತು. ಇನ್ನೊಂದು ಕಾರಣವೂ ಇದೆ: ನನ್ನ ದೇಹದ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ, ಅದನ್ನು ಇನ್ನೊಬ್ಬರು ಮಾಡಬಾರದು.

ಯಾಕೆ ಬಿಟ್ಟೆ ಎನ್ನುವುದನ್ನು ಚಿಕ್ಕದಾಗಿ ಹೇಳುತ್ತೇನೆ. ತವರಿನಲ್ಲಿ ದರ್ಗಾದ ಹರಕೆಗೆಂದು ಒಂದು ಹೋತವನ್ನು ವರ್ಷಗಟ್ಟಲೆ ಸಾಕಿದ್ದರು. ರಜೆಗೆ ಹೋದಾಗಲೆಲ್ಲ ಬೇಲಿಯ ಸೊಪ್ಪು ಮುರಿದು ಹಾಕುತ್ತಿದ್ದವಳು ನಾನು. ಹರಕೆಯ ಪ್ರಾಣಿಯನ್ನು ಕೊಯ್ದು ಬಂಧುಗಳಿಗೆ ಉಣಬಡಿಸುವ ಕಂದೂರಿಯ ದಿನ ಅದು ನನ್ನ ದನಿ ಕೇಳಿ ಕುತ್ತಿಗೆ ಎತ್ತಿ ನೋಡಿತು. ಹಾಲಿನ ವಿಷಯ ಬೇರೆ. ನಾವು ಹಾಲು ತರುತ್ತಿದ್ದ ಮನೆಯಲ್ಲಿ ಎಮ್ಮೆ ಈದರೆ ಹೆಣ್ಣುಗರುವಿಗೆ ಒಂದು ಮೊಲೆಯ ಹಾಲಾದರೂ ಸಿಗುತ್ತಿತ್ತು, ಗಂಡುಗರುವಿಗೆ ಎಮ್ಮೆ ತೊರೆ ಬಿಡುವವರೆಗೆ ಮಾತ್ರ. ಒಂದು ಗಂಡುಗರು ದಿನದಿಂದ ದಿನಕ್ಕೆ ಬಡಕಲಾಗುತ್ತ ಬಂದು ಹದಿನೈದನೆಯ ದಿನ ಗೂಟದ ಬಳಿಯೇ ಸತ್ತಿತ್ತು. ಆ ಮನೆಯವರು ಕಟುಕರಲ್ಲ, ಬಡವರು. ಹಾಲು ಮಾರದಿದ್ದರೆ ಅವರಿಗೂ ನಡೆಯುವುದಿಲ್ಲ. ಇಷ್ಟೆಲ್ಲ ತಿಳಿದಿದ್ದೂ ಆ ಹಾಲಿನ ತಂಬಿಗೆಯನ್ನು ಮತ್ತೆ ಎತ್ತಿಕೊಳ್ಳುವುದು ನನ್ನಿಂದಾಗಲಿಲ್ಲ.

ನಾಲಿಗೆಯ ಕಷ್ಟ ನಾನು ಹೆದರಿದಷ್ಟು ಇರಲಿಲ್ಲ. ಮೂರು ತಿಂಗಳಲ್ಲಿ ತಿಳಿದದ್ದೇನೆಂದರೆ ನಾನು ಹಂಬಲಿಸುತ್ತಿದ್ದುದರಲ್ಲಿ ಬಹುಪಾಲು ಕೆಂಡದಲ್ಲಿ ಸುಟ್ಟ ಉಳ್ಳಾಗಡ್ಡಿ, ಹುರಿದ ಒಣಕೊಬ್ಬರಿ, ಗಸಗಸೆ, ಲವಂಗಗಳನ್ನು ಅರೆದ ಮಸಾಲೆಯ ವಾಸನೆ. ಅದೇ ಮಸಾಲೆಯನ್ನು ಬದನೆಕಾಯಿಗೆ, ನೆನೆಸಿ ಬೇಯಿಸಿದ ಅಲಸಂದಿಗೆ ಹಾಕಿ ರೊಟ್ಟಿಯ ಜೊತೆ ಉಂಡರೆ ಹಂಬಲ ಅರ್ಧಕ್ಕಿಂತ ಹೆಚ್ಚು ತಣಿಯುತ್ತಿತ್ತು. ಉಳಿದದ್ದು ಕಾಲದ ಜೊತೆ ತಾನೇ ಹೋಯಿತು.

ಹೊಟ್ಟೆಯ ಲೆಕ್ಕ ಮಾತ್ರ ಹಾಗೆ ತಾನಾಗಿ ಸರಿಹೋಗಲಿಲ್ಲ. ಮೊದಲ ಕೆಲವು ತಿಂಗಳು ನಾನು ಮಾಡಿದ್ದು ತಟ್ಟೆಯಿಂದ ಮಾಂಸವನ್ನು ತೆಗೆದದ್ದಷ್ಟೇ; ಅದರ ಜಾಗಕ್ಕೆ ಏನನ್ನೂ ತಂದಿರಲಿಲ್ಲ. ಗಂಗಾವತಿ ಭತ್ತದ ಊರು. 1950ರ ದಶಕದಲ್ಲಿ ತುಂಗಭದ್ರಾ ಜಲಾಶಯದ ಕಾಲುವೆಗಳಿಗೆ ನೀರು ಬಂದ ಮೇಲೆ ಇಲ್ಲಿ, ಸಿಂಧನೂರಿನಲ್ಲಿ, ಅತ್ತ ಸಿರುಗುಪ್ಪದಲ್ಲಿ ಜೋಳದ ಎರೆಹೊಲಗಳು ಗದ್ದೆಗಳಾದವು. ಹೊಲದ ಜೊತೆಗೆ ತಟ್ಟೆಯೂ ಬದಲಾಯಿತು. ಮೇಲೆ ಸೋನಾ ಮಸೂರಿ ಅನ್ನ, ಅದರ ಮೇಲೆ ಬೇಳೆ ಹುಡುಕಿದರೆ ಸಿಗುವಷ್ಟು ತೆಳ್ಳನೆಯ ಸಾರು. ವಾರಕ್ಕೆರಡು ಸಲ ಮಟನ್ನೋ ಕೋಳಿಯೋ ಇದ್ದಾಗ ಈ ತೆಳುವು ಗೊತ್ತಾಗುತ್ತಿರಲಿಲ್ಲ. ಅದು ಹೋದ ಮೇಲೆ ಮಧ್ಯಾಹ್ನ ಮೂರಕ್ಕೇ ಹಸಿವು, ನಾಲ್ಕಕ್ಕೆ ತಲೆನೋವು, ಐದಕ್ಕೆ ಮಕ್ಕಳ ಮೇಲೆ ಸಿಡುಕು.

ಪರಿಹಾರ ಅಜ್ಜಿಯ ಅಡುಗೆಮನೆಯಲ್ಲಿತ್ತು. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಪುಂಡಿಪಲ್ಯ, ಹಿಂಡಿ ಎಂದು ನಾವು ಕರೆಯುವ ಚಟ್ನಿಪುಡಿಗಳಾದ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಮೇಲೊಂದು ಹಸಿ ಉಳ್ಳಾಗಡ್ಡಿ. ಇವುಗಳ ಜೋಡಣೆಯಲ್ಲಿ ಒಂದು ಲೆಕ್ಕವಿದೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳು-ಬೇಳೆಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಕಡಿಮೆ ಇರುವ ಮೆಥಿಯೊನಿನ್ ಎಂಬ ಇನ್ನೊಂದು ಅಂಶ ಜೋಳದಿಂದ, ಎಳ್ಳಿನಿಂದ ಬರುತ್ತದೆ. ಬರೀ ಜೋಳವನ್ನೇ ನಂಬಿ ಬದುಕಿದರೆ ಏನಾಗುತ್ತದೆ ಎನ್ನುವುದಕ್ಕೂ ನಮ್ಮ ದಖ್ಖನಿನಲ್ಲೇ ಸಾಕ್ಷಿ ಇದೆ. ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆ ಎನಿಸಿಕೊಂಡಿರುವ ಹೈದರಾಬಾದಿನ ಪ್ರಯೋಗಾಲಯದಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ಹೊತ್ತಿಗೆ, ಜೋಳವೇ ಮುಖ್ಯ ಆಹಾರವಾಗಿದ್ದ ಬಡವರಲ್ಲಿ ಕಾಣುತ್ತಿದ್ದ ಪೆಲಾಗ್ರಾ ಎಂಬ, ಚರ್ಮದ ಮೇಲೆ ಕಾಣಿಸಿಕೊಳ್ಳುವ ಪೋಷಕಾಂಶದ ಕೊರತೆಯ ರೋಗವನ್ನು ಅಭ್ಯಾಸ ಮಾಡಿದ್ದರು. ರೊಟ್ಟಿಯ ಪಕ್ಕದಲ್ಲಿ ಕಾಳು, ಸೊಪ್ಪು, ಹಿಂಡಿ ಇರಲೇಬೇಕು. ಅವು ರೊಟ್ಟಿ ಇಳಿಯಲೆಂದು ನಂಜಿಕೊಳ್ಳುವ ವಸ್ತುಗಳೆಂದು ತಿಳಿದಿದ್ದ ನಾನು ಅವುಗಳನ್ನು ಊಟದ ಅರ್ಧ ಭಾಗವೆಂದು ನೋಡುವುದನ್ನು ಕಲಿಯಬೇಕಾಯಿತು.

ನನ್ನ ತೂಕ 55 ಕಿಲೋ. ಕಿಲೋಗೆ 0.8 ಗ್ರಾಮಿಗಿಂತ ತುಸು ಮೇಲೆ ಎಂದು ಹಿಡಿದರೂ ದಿನಕ್ಕೆ 45 ಗ್ರಾಂ ಪ್ರೋಟೀನ್ ಬೇಕು. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಶೇಂಗಾದಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು, ಸೋಯಾ ತುಣುಕುಗಳಲ್ಲಿ 50ಕ್ಕೂ ಮಿಕ್ಕಿ. ಇಷ್ಟು ತಿಳಿದ ಮೇಲೆ ನಾನು ಬೇಳೆಯನ್ನು ಕಣ್ಣಂದಾಜಿಗೆ ಹಾಕುವುದನ್ನು ನಿಲ್ಲಿಸಿ ನನ್ನ ಪಾಲಿಗೆಂದು ಒಂದು ಹಿಡಿ ಬೇರೆಯಾಗಿ ಹಾಕತೊಡಗಿದೆ. ಶಾಲೆಗೆ ಒಯ್ಯುವ ಡಬ್ಬಿಯಲ್ಲಿ ಮೊಳಕೆ ಹೆಸರುಕಾಳು, ಸಂಜೆ ಹುರಿದ ಶೇಂಗಾ ಮತ್ತು ಪುಟಾಣಿ. ಮೂರು ಗಂಟೆಯ ಹಸಿವು ಎರಡು ವಾರದಲ್ಲಿ ಹೋಯಿತು.

ನಿಜವಾದ ಅಗಲಿಕೆಯ ನೋವು ಕೊಟ್ಟದ್ದು ಮೊಸರು. ನಮ್ಮ ಕಡೆಯ ಬೇಸಿಗೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್ ಮಧ್ಯಾಹ್ನ ಶಾಲೆಯಿಂದ ಮನೆಗೆ ಬಂದು ಮಜ್ಜಿಗೆ ಕುಡಿಯದೆ ಇರುವುದೆಂದರೆ ಬರೀ ರುಚಿಯ ಮಾತಲ್ಲ, ಮೈಯೇ ಅದನ್ನು ಕೇಳುತ್ತದೆ. ಹುಳಿಸಿದ ಜೋಳದ ಅಂಬಲಿಗೆ ನೀರು, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಸೇರಿಸಿ ಕುಡಿದು ಒಂದು ಬೇಸಿಗೆ ಕಳೆದೆ. ಎರಡನೆಯ ಬೇಸಿಗೆಗೆ ಶೇಂಗಾ ಮೊಸರು ಕೈಗೆ ಹತ್ತಿತು. ಒಂದು ಲೋಟ ಹಸಿ ಶೇಂಗಾವನ್ನು ರಾತ್ರಿ ನೆನೆಸಿಡಬೇಕು. ಬೆಳಿಗ್ಗೆ ತೊಳೆದು ನುಣ್ಣಗೆ ರುಬ್ಬಿ, ಮೂರು ಲೋಟ ನೀರು ಬೆರೆಸಿ ಬಟ್ಟೆಯಲ್ಲಿ ಹಿಂಡಿದರೆ ಹಾಲು ಬರುತ್ತದೆ. ಅದನ್ನು ತಳ ಹಿಡಿಯದಂತೆ ಕದಡುತ್ತ ಒಂದು ಕುದಿ ಬರಿಸಿ, ಬೆರಳು ಅದ್ದಿದರೆ ಹಿತವೆನಿಸುವಷ್ಟು ಆರಿಸಿ, ಎಂಟು-ಹತ್ತು ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿ ಮುಚ್ಚಿಡಬೇಕು. ತೊಟ್ಟಿನ ಮೇಲೆ ಮೊದಲೇ ಇರುವ ಹುಳಿಸುವ ಸೂಕ್ಷ್ಮಜೀವಿಗಳು ಹೆಪ್ಪಿನ ಕೆಲಸ ಮಾಡುತ್ತವೆ. ಮೊದಲ ಸಲ ಹೆಪ್ಪಾಗುವುದು ನಿಧಾನ, ತೆಳ್ಳಗೂ ಇರುತ್ತದೆ. ಅದರಲ್ಲಿ ಒಂದು ಚಮಚ ಉಳಿಸಿ ಮುಂದಿನ ಹಾಲಿಗೆ ಹಾಕಿದರೆ ನಮ್ಮ ಸೆಕೆಗೆ ಐದಾರು ಗಂಟೆಯಲ್ಲಿ ಗಟ್ಟಿಯಾಗಿ ಕೂಡುತ್ತದೆ. ಆಕಳ ಮೊಸರಿನ ರುಚಿ ಅದಕ್ಕಿಲ್ಲ, ಶೇಂಗಾದ ವಾಸನೆ ಹೋಗುವುದೂ ಇಲ್ಲ. ಆದರೆ ನೀರು ಬೆರೆಸಿ, ಕರಿಬೇವು, ಜೀರಿಗೆಯ ಒಗ್ಗರಣೆ ಕೊಟ್ಟರೆ ಮಧ್ಯಾಹ್ನದ ಬಿಸಿಲಿಗೆ ಸಾಕಾಗುತ್ತದೆ.

ಹೊರಗಿನ ಊಟದ ವಿಷಯದಲ್ಲಿ ನಮ್ಮ ಖಾನಾವಳಿಗಳಿಗೆ ನಾನು ಋಣಿ. ರೊಟ್ಟಿ, ಎರಡು ಪಲ್ಯ, ಕಾಳು, ಹಿಂಡಿ. ಮೊಸರು ಬೇಡ ಎಂದರೆ ಆಯಿತು. ಬೆಳಗಿನ ಹೊತ್ತು ಮಂಡಾಳ ಒಗ್ಗರಣಿ, ಮಿರ್ಚಿಗೆ ಕೇಳುವಂಥದ್ದೇನಿಲ್ಲ. ಅಂಗಡಿಯ ಪೊಟ್ಟಣಗಳೇ ಹೆಚ್ಚು ಮೋಸಗೊಳಿಸುತ್ತವೆ, ಏಕೆಂದರೆ ನಮ್ಮ ದೇಶದ ಹಸಿರು ಚುಕ್ಕೆ ಹಾಲನ್ನೂ ಒಳಗೊಳ್ಳುತ್ತದೆ. ಹಾಲಿನ ಅಂಶವೂ ಇಲ್ಲದ ಪದಾರ್ಥಗಳಿಗೆ ಪ್ರತ್ಯೇಕ ಚಿಹ್ನೆಯ ನಿಯಮಗಳು 2022ರಲ್ಲಿ ಬಂದಿವೆಯಾದರೂ ಆ ಚಿಹ್ನೆಯ ಪೊಟ್ಟಣವನ್ನು ನಮ್ಮ ಓಣಿಯ ಕಿರಾಣಿಯಲ್ಲಿ ನಾನಿನ್ನೂ ಕಂಡಿಲ್ಲ. ಹಾಗಾಗಿ ಕನ್ನಡಕ ಹಾಕಿಕೊಂಡು ಬಿಸ್ಕತ್ತಿನ ಹಿಂಬದಿಯನ್ನು ಓದುವುದು ಅಭ್ಯಾಸವಾಗಿದೆ. ಹಾಲನ್ನೂ ಬಿಟ್ಟವರಿಗೆ ವೀಗನ್ ಎಂಬ ಹೆಸರು ಹುಟ್ಟಿದ್ದು 1944ರಲ್ಲಿ ಇಂಗ್ಲೆಂಡಿನಲ್ಲಿ. ಅದರ ಸ್ಮರಣೆಗಾಗಿ 1994ರಿಂದ ಆಚರಿಸುತ್ತಿರುವ ದಿನ ನವೆಂಬರ್ 1. ನಮ್ಮ ರಾಯಚೂರು ಸೀಮೆ ಹೈದರಾಬಾದ್ ರಾಜ್ಯದಿಂದ ಬಿಡಿಸಿಕೊಂಡು ಕನ್ನಡದ ರಾಜ್ಯಕ್ಕೆ ಸೇರಿದ ದಿನವೂ ಅದೇ. ಪ್ರತಿವರ್ಷ ಶಾಲೆಯ ಧ್ವಜದ ಮುಂದೆ ನಿಂತಾಗ ಇದೊಂದು ನೆನಪು ನನ್ನೊಳಗೆ ಬಂದು ಹೋಗುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಬಿಟ್ಟು ಎರಡೂವರೆ ವರ್ಷವಾದ ಮೇಲೆ ಪಾದಗಳಲ್ಲಿ ಜುಮುಜುಮು ಶುರುವಾಯಿತು. ದಿನವಿಡೀ ನಿಂತು ಪಾಠ ಮಾಡುವುದರಿಂದ ಎಂದುಕೊಂಡೆ. ನಾಲಿಗೆ ಕೆಂಪಾಗಿ ನುಣುಪಾಯಿತು, ಖಾರ ಸುಡತೊಡಗಿತು. ತರಗತಿಯಲ್ಲಿ ವರ್ಷಗಳಿಂದ ಪರಿಚಯವಿದ್ದ ಮಗುವಿನ ಹೆಸರು ಒಮ್ಮೆ ಬಾಯಿಗೆ ಬರಲಿಲ್ಲ. ಆ ದಿನ ಹೆದರಿ ವೈದ್ಯರ ಬಳಿ ಹೋದೆ. ರಕ್ತಪರೀಕ್ಷೆಯಲ್ಲಿ ಬಿ12 ವಿಟಮಿನ್ ಮಿಲಿಲೀಟರಿಗೆ 140 ಪಿಕೋಗ್ರಾಂ ಬಂತು. 200ಕ್ಕಿಂತ ಕಡಿಮೆಯಾದರೆ ಕೊರತೆ ಎನ್ನುತ್ತಾರೆ. ಈ ವಿಟಮಿನ್ನನ್ನು ಗಿಡಗಳೂ ತಯಾರಿಸುವುದಿಲ್ಲ, ಪ್ರಾಣಿಗಳೂ ತಯಾರಿಸುವುದಿಲ್ಲ. ಬ್ಯಾಕ್ಟೀರಿಯಾದಂಥ ಕೆಲವು ಸೂಕ್ಷ್ಮಜೀವಿಗಳು ಮಾತ್ರ ತಯಾರಿಸುತ್ತವೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿರುವ ಅಂಥ ಜೀವಿಗಳ ಮೂಲಕ ಅದು ಮಾಂಸಕ್ಕೆ, ಹಾಲಿಗೆ ಬರುತ್ತದೆ. ದಿನಕ್ಕೆ ಬೇಕಾದದ್ದು ಎರಡು, ಎರಡೂವರೆ ಮೈಕ್ರೋಗ್ರಾಂ ಮಾತ್ರ, ಕಣ್ಣಿಗೆ ಕಾಣದಷ್ಟು. ಯಕೃತ್ತಿನಲ್ಲಿ ಅದು ವರ್ಷಗಟ್ಟಲೆ ಸಾಕಾಗುವಷ್ಟು ಕೂಡಿಟ್ಟಿರುವುದರಿಂದ ಬಿಟ್ಟ ಹೊಸತರಲ್ಲಿ ಏನೂ ಆಗದೆ, “ನೋಡಿ, ನಾನು ಎಷ್ಟು ಚೆನ್ನಾಗಿದ್ದೇನೆ” ಎನ್ನುವ ಧೈರ್ಯ ಬರುತ್ತದೆ. ನನಗೆ ಬಂದದ್ದು ಅದೇ ಧೈರ್ಯ.

ಇದರ ಬಗ್ಗೆ ನಾನು ಮೊದಲೇ ಕೇಳಿರಲಿಲ್ಲವೆಂದಲ್ಲ. ಹುಳಿಸಿದ ಅಂಬಲಿಯಲ್ಲಿ, ಮೊಳಕೆ ಕಾಳಿನಲ್ಲಿ, ಸ್ಪಿರುಲಿನಾ ಪುಡಿಯಲ್ಲಿ ಬಿ12 ಸಿಗುತ್ತದೆ, ಮಾತ್ರೆ ಬೇಡ, ಪ್ರಕೃತಿಯೇ ಕೊಡುತ್ತದೆ ಎಂದು ಒಬ್ಬರು ಬಹಳ ಭರವಸೆಯಿಂದ ಹೇಳಿದ್ದರು. ಕೇಳಲು ಹಿತವಾಗಿದ್ದರಿಂದ ನಂಬಿದೆ. ಅಂಬಲಿಯನ್ನೂ ಮೊಳಕೆಯನ್ನೂ ಇದಕ್ಕಾಗಿ ನೆಚ್ಚುವಂತಿಲ್ಲ. ಸ್ಪಿರುಲಿನಾದಲ್ಲಿರುವುದರಲ್ಲಿ ಹೆಚ್ಚಿನದು ನಮ್ಮ ದೇಹ ಬಳಸಿಕೊಳ್ಳಲಾಗದ, ಬಿ12ನ್ನು ಹೋಲುವ ಬೇರೊಂದು ವಸ್ತು. ಇನ್ನೊಂದು ಸೂಕ್ಷ್ಮವನ್ನು ವೈದ್ಯರು ತಿಳಿಸಿದರು. ಸೊಪ್ಪು, ಕಾಳು ಹೆಚ್ಚು ಉಣ್ಣುವವರಲ್ಲಿ ಫೋಲೇಟ್ ಎಂಬ ಇನ್ನೊಂದು ವಿಟಮಿನ್ ಧಾರಾಳವಾಗಿರುವುದರಿಂದ ರಕ್ತಹೀನತೆ ಕಾಣಿಸಿಕೊಳ್ಳದೆ, ಒಳಗೆ ನರಗಳಿಗೆ ಪೆಟ್ಟು ಬೀಳುತ್ತಲೇ ಇರಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಲ್ಲಿ ಬಿ12 ಹೀರಿಕೆ ಮೊದಲೇ ಕಡಿಮೆಯಾಗಿರುತ್ತದೆ. ಅಂಥವರು ಇನ್ನೂ ಎಚ್ಚರವಾಗಿರಬೇಕು. ನನಗೆ ಚುಚ್ಚುಮದ್ದು ಕೊಟ್ಟರು, ಆಮೇಲೆ ಮಾತ್ರೆ. ಜುಮುಜುಮು ಪೂರ್ತಿ ಹೋಗಲು ಐದು ತಿಂಗಳು ಹಿಡಿಯಿತು. ಔಷಧಕ್ಕೆ ಬಳಸುವ ಬಿ12ನ್ನು ಬ್ಯಾಕ್ಟೀರಿಯಾ ಬೆಳೆಸಿ ತಯಾರಿಸುವುದರಿಂದ ಅದರಲ್ಲಿ ಮಾಂಸದ ಸೋಂಕಿಲ್ಲ. ಕ್ಯಾಪ್ಸೂಲಿನ ಹೊರಕವಚ ಮಾತ್ರ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಜಿಲೆಟಿನ್ ಆಗಿರಬಹುದಾದ್ದರಿಂದ ನಾನು ಗುಳಿಗೆಯ ರೂಪದ್ದನ್ನೇ ಕೇಳಿ ತರುತ್ತೇನೆ. ಮಾಂಸ, ಹಾಲು ಎರಡನ್ನೂ ಬಿಡುವ ಮನಸ್ಸಿರುವವರು ಬಿಟ್ಟ ದಿನದಿಂದಲೇ ವೈದ್ಯರನ್ನು ಕೇಳಿ ಬಿ12 ಶುರುಮಾಡಿ. ಇದು ಹಟದಿಂದ ಗೆಲ್ಲುವಂಥದ್ದಲ್ಲ.

ಕಬ್ಬಿಣಾಂಶಕ್ಕೆ ಇಷ್ಟು ತಾಪತ್ರಯವಿಲ್ಲ. ಸಜ್ಜೆ ರೊಟ್ಟಿ, ನುಗ್ಗೆಸೊಪ್ಪು, ಕಾಳುಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳುವುದು, ಊಟವಾದ ಒಂದು ಗಂಟೆಯವರೆಗೆ ಚಹಾ ಮುಟ್ಟದಿರುವುದು. ಹಾಲಿಲ್ಲದ ಚಹಾಕ್ಕೂ ಈ ನಿಯಮ ಅನ್ವಯಿಸುತ್ತದೆ.

ಜನರ ವಿಷಯ ಬರೆಯಲು ಕುಳಿತಾಗ ಮಾತ್ರ ಕೈ ನಿಧಾನವಾಗುತ್ತದೆ. ಮರುವರ್ಷದ ಕಂದೂರಿಗೆ ತವರಿಗೆ ಹೋದಾಗ ಬಂಧುಗಳೆಲ್ಲ ಕುಳಿತ ಪಂಕ್ತಿಯಲ್ಲಿ ನನ್ನ ಎಲೆಗೆ ಬರೀ ಅನ್ನ, ಬೇಳೆಸಾರು ಬಿದ್ದದ್ದನ್ನು ಕಂಡು ದೊಡ್ಡಪ್ಪ ಕೇಳಿದರು: “ಯಾಕವಾ, ನೌಕರಿ ಬಂದ ಮ್ಯಾಲ ನಮ್ಮ ಮನಿ ಊಟ ಹೊಲಸು ಆತೇನು?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ನಮ್ಮಂಥ ಮನೆಗಳಲ್ಲಿ ಮಾಂಸ ಬಿಟ್ಟವರು ಎಷ್ಟೋ ಸಲ ಮೇಲಿನವರಂತೆ ಕಾಣಬೇಕೆಂದು ಬಿಟ್ಟಿದ್ದಾರೆ, ಬಿಟ್ಟ ಮೇಲೆ ಅಣ್ಣತಮ್ಮಂದಿರ ಮನೆಯಲ್ಲಿ ನೀರನ್ನೂ ಕುಡಿಯದವರಾಗಿದ್ದಾರೆ. ದೊಡ್ಡಪ್ಪ ಹೆದರಿದ್ದು ಅದಕ್ಕೆ. ನಾನು ಎದ್ದು ಅವರ ಪಕ್ಕಕ್ಕೆ ಹೋಗಿ ಕುಳಿತು, ಅವರು ಕುಡಿದಿಟ್ಟ ಚೆಂಬಿನಿಂದಲೇ ನೀರು ಕುಡಿದು, “ಆ ಹೋತಕ್ಕ ಸೊಪ್ಪು ಹಾಕಿದಾಕಿ ನಾನು ದೊಡ್ಡಪ್ಪ, ನನಗ ಆಗವಲ್ದು, ಅಷ್ಟ” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಬಡಿಸುವವನಿಗೆ “ಆಕಿಗೆ ಬದನಿಕಾಯಿ ಪಲ್ಯ ನೀಡಲೇ” ಎಂದರು.

ಇತ್ತ ಗಂಗಾವತಿಯಲ್ಲಿ ಮಾಂಸ ಉಣ್ಣದ ಮನೆತನದ ನೆರೆಯವರೊಬ್ಬರು ಸುದ್ದಿ ತಿಳಿದು ಸಂತೋಷದಿಂದ “ಛಲೋ ಆತ್ ನೋಡ್ರಿ, ಈಗ ನಮ್ಮಂಗ ಆದ್ರಿ” ಎಂದರು. ದೊಡ್ಡಪ್ಪನ ಪ್ರಶ್ನೆಗಿಂತ ಈ ಮೆಚ್ಚುಗೆ ನನ್ನನ್ನು ಹೆಚ್ಚು ನೋಯಿಸಿತು, ಏಕೆಂದರೆ ಅದರೊಳಗೆ ನನ್ನ ಅವ್ವನ ಅಡುಗೆಮನೆಯ ಬಗ್ಗೆ ಒಂದು ತೀರ್ಪು ಇತ್ತು. ಅವರು ಕೊಟ್ಟ ಹಾಲಿನ ಚಹಾ ಬೇಡವೆಂದು ಕಾರಣ ಹೇಳಿದಾಗ ಅವರಿಗೆ ಅರ್ಥವೇ ಆಗಲಿಲ್ಲ. ಹಾಲು ಬಿಟ್ಟವರು ಅವರ ಲೆಕ್ಕದಲ್ಲಿ ಎಲ್ಲಿಯೂ ಸೇರುವುದಿಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿ ಮಹಾದಾಸೋಹದಲ್ಲಿ ಸಾವಿರಾರು ಜನರ ನಡುವೆ ರೊಟ್ಟಿ, ಪಲ್ಯ, ಮಿರ್ಚಿ ಉಣ್ಣುವಾಗ ಒಂದು ನಿರಾಳ ಇರುತ್ತದೆ. ಅಲ್ಲಿ ಯಾರೂ ಯಾರ ತಟ್ಟೆಯನ್ನೂ ವಿಚಾರಿಸುವುದಿಲ್ಲ.

ಶಾಲೆಯಲ್ಲಿ ತತ್ತಿ ಹಂಚುವುದು ನನ್ನ ಪಾಳಿಗೂ ಬರುತ್ತದೆ. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ನಮ್ಮ ಭಾಗದ ಜಿಲ್ಲೆಗಳ ಮಕ್ಕಳಿಗೆ ಬಿಸಿಯೂಟದ ಜೊತೆ ತತ್ತಿ, ಬೇಡವೆಂದವರಿಗೆ ಬಾಳೆಹಣ್ಣು ಕೊಡುವುದು ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದರು, ಮಕ್ಕಳು ತಮಗೆ ತತ್ತಿ ಬೇಕೆಂದರು. ನಾನು ಆಗಲೂ ಈಗಲೂ ಮಕ್ಕಳ ಪರ. ನಮ್ಮ ಶಾಲೆಯ ಒಬ್ಬ ಹುಡುಗಿ ಬಿಳಿಯ ಭಾಗವನ್ನು ತಿಂದು, ಹಳದಿಯನ್ನು ಪಟ್ಟಿಯ ಹಾಳೆಯಲ್ಲಿ ಸುತ್ತಿ ಪಾಟಿಚೀಲದಲ್ಲಿಟ್ಟುಕೊಳ್ಳುತ್ತಾಳೆ. ಮನೆಯಲ್ಲಿ ಮೂರು ವರ್ಷದ ತಮ್ಮನಿದ್ದಾನೆ. “ಟೀಚರ್, ನೀವ್ಯಾಕ ತಿನ್ನಂಗಿಲ್ರಿ?” ಎಂದು ಆಕೆ ಕೇಳಿದಾಗ “ನನಗ ಸಾಕಾಗೇತವಾ” ಎಂದೆ. ಸಂಬಳ ಬರುವ, ಔಷಧದ ಅಂಗಡಿ ಹತ್ತಿರವಿರುವ, ಬೇಳೆಯನ್ನು ಹಿಡಿಗಟ್ಟಲೆ ಹಾಕಿಕೊಳ್ಳಬಲ್ಲ ನಾನು ಬಿಟ್ಟದ್ದನ್ನು ಆ ಹುಡುಗಿಯ ಕೈಯಿಂದ ಬಿಡಿಸುವ ಹಕ್ಕು ನನಗಿಲ್ಲ. ನನ್ನ ಮಗಳೂ ಮಾಂಸ, ತತ್ತಿ ತಿನ್ನುತ್ತಾಳೆ. ದೊಡ್ಡವಳಾದ ಮೇಲೆ ಅವಳೇ ಯೋಚಿಸಲಿ.

ಮನೆಯ ಭಾನುವಾರಗಳು ಈಗ ಬೇರೆಯಾಗಿವೆ. ಸಪ್ಪೆ ಸಾರು ನಾಲ್ಕೈದು ವಾರ ನಡೆದ ಮೇಲೆ ಯಜಮಾನರು ತಾವೇ ಸೌಟು ಹಿಡಿದು ಉಪ್ಪು ನೋಡಲು ಬಂದರು, ಆಮೇಲೆ ಮಸಾಲೆ ಹುರಿಯಲು ನಿಂತರು, ಈಗ ಮಟನ್ ಪೂರ್ತಿ ಅವರದೇ. ಪಕ್ಕದ ಒಲೆಯಲ್ಲಿ ನಾನು ಶೇಂಗಾ ಹಾಲು ಕದಡುತ್ತಿರುತ್ತೇನೆ. ಇಷ್ಟು ವರ್ಷ ಅದನ್ನು ದೂರದಿಂದಲೇ ನೋಡುತ್ತಿದ್ದ ಅತ್ತೆಯವರು ಹೋದ ವಾರ ಸೆಕೆ ತಡೆಯಲಾರದೆ ಒಂದು ಲೋಟ ಶೇಂಗಾ ಮಜ್ಜಿಗೆ ಕೇಳಿದರು. ಎರಡು ಗುಟುಕು ಕುಡಿದು, ಲೋಟವನ್ನು ಬೆಳಕಿಗೆ ಹಿಡಿದು ನೋಡಿ, “ಒಂಚೂರು ಕಹಿ ಐತವಾ, ಸಿಪ್ಪಿ ಪೂರಾ ತಿಕ್ಕಿ ತಗದು ರುಬ್ಬು, ಉಪ್ಪು ಬರೋಬರಿ ಐತಿ” ಎಂದರು. ಇವತ್ತು ಬೆಳಿಗ್ಗೆ ನೆನೆದ ಶೇಂಗಾವನ್ನು ಅವರ ಮುಂದೆಯೇ ಮೊರದಲ್ಲಿ ಹಾಕಿಕೊಂಡು ಕುಳಿತೆ. ಅರ್ಧ ಸಿಪ್ಪೆಯನ್ನು ಅವರೇ ತಿಕ್ಕಿ ತೆಗೆದರು.